ಯಾರ ತಪ್ಪು ಅಂತ ಗೊತ್ತಾಗುವವರೆಗೆ ಕೂಸು ಕಾಯಬೇಕಾ? ಕರಾವಳಿಯ ಒಂದು ಹೆರಿಗೆ ಪ್ರಕರಣ

ಕೂಸಿಗೆ ಈಗ ಐದು ವರ್ಷ ತುಂಬುತ್ತಾ ಬಂತು. ಕುತ್ತಿಗೆ ಇನ್ನೂ ನಿಂತಿಲ್ಲ. ಕೈಕಾಲು ಬಿಗಿ, ಮಾತಿಲ್ಲ, ಆಗಾಗ ಫಿಟ್ಸ್ ಬರುತ್ತದೆ. ಡಾಕ್ಟರು ಬರೆದುಕೊಟ್ಟ ಹೆಸರು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಹಾನಿಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ. ಆಯಿಯ ದನಿ ಕೇಳಿದ ಕೂಡಲೇ ಮುಖ ಅರಳುತ್ತದೆ. ತಿಳುವಳಿಕೆ ಇಲ್ಲದ ಮಗು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಅವಳ ಅಪ್ಪ ಟ್ರಾಲ್ ಬೋಟಿನಲ್ಲಿ ಖಲಾಸಿ. ಆಯಿ ಮೊದಲು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು, ಕೂಸು ಹುಟ್ಟಿದ ಮೇಲೆ ಬಿಟ್ಟಳು. ಊರು ಉತ್ತರ ಕನ್ನಡದ ಕರಾವಳಿಯಲ್ಲಿ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಊರಿನ ಹೆಸರು, ಆಸ್ಪತ್ರೆಯ ಹೆಸರು, ಮನೆಯವರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಶಾಲೆಯಿಂದ ನಿವೃತ್ತಿಯಾದ ಮೇಲೆ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಮನೆಯ ಕಾಗದಪತ್ರ ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಈ ಪ್ರಕರಣವನ್ನು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ಇಲ್ಲಿ ಬೇಕಂತಲೇ ಕೆಟ್ಟದ್ದು ಮಾಡಿದವರು ಯಾರೂ ಇಲ್ಲ. ಆದರೂ ಒಂದು ಮಗುವಿನ ಇಡೀ ಬದುಕು ಬದಲಾಯಿತು. ನಮ್ಮ ಕಾನೂನು ಈ ಮಗುವಿಗೆ ಪರಿಹಾರ ಕೊಡಬೇಕಾದರೆ ಮೊದಲು ತಪ್ಪಿತಸ್ಥರನ್ನು ಹಿಡಿದು ತೋರಿಸಿ ಅನ್ನುತ್ತದೆ. ಅದನ್ನೇ ಕೇಳದ ವ್ಯವಸ್ಥೆ ಬೇರೆ ದೇಶಗಳಲ್ಲಿ ಇದೆ. ಅಂಥದ್ದು ನಮಗೂ ಬೇಕು ಅನ್ನುವುದು ನನ್ನ ಮಾತು.

ಆ ರಾತ್ರಿ

ಜುಲೈ ತಿಂಗಳು. ಬೋಟುಗಳೆಲ್ಲ ದಡದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದೆ, ಹಾಗಾಗಿ ಅಪ್ಪ ಮನೆಯಲ್ಲೇ ಇದ್ದ. ಸಂಜೆ ನೋವು ಶುರುವಾಯಿತು. ಮಳೆಯಲ್ಲೇ ರಿಕ್ಷಾ ಮಾಡಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದರು. ಮೊದಲ ಹೆರಿಗೆ, 39 ವಾರ ತುಂಬಿತ್ತು. ತಾಯಿ ಕಾರ್ಡಿನಲ್ಲಿ ಎಲ್ಲ ಸರಿ ಇತ್ತು. ಬಿಪಿ ಸರಿ, ಶುಗರ್ ಇಲ್ಲ, ಸ್ಕ್ಯಾನಿಂಗ್ ಸರಿ.

ಮುಂದಿನದ್ದನ್ನು ಕೇಸ್ ಶೀಟ್ ಹೇಳುತ್ತದೆ. ಅದರ ಜೆರಾಕ್ಸ್ ನನ್ನ ಹತ್ತಿರ ಇದೆ. ಹೆರಿಗೆ ಮುಂದುವರಿಯುವುದನ್ನು ಗುರುತು ಹಾಕುವ ಒಂದು ಹಾಳೆ ಇರುತ್ತದೆ, ಪಾರ್ಟೋಗ್ರಾಫ್ ಅಂತ. ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಅದರಲ್ಲಿ ಚುಕ್ಕಿ ಇಡಬೇಕು. ರಾತ್ರಿ ಹನ್ನೊಂದಕ್ಕೆ ಚುಕ್ಕಿ 140ರಲ್ಲಿದೆ. ಹನ್ನೊಂದೂವರೆಗೂ 140ರ ಹತ್ತಿರ. ಹನ್ನೆರಡರ ನಂತರ ಇನ್ನೊಂದು, ಒಂದು ಗಂಟೆ ದಾಟಿದ ಮೇಲೆ ಮತ್ತೊಂದು, 138. ಎಲ್ಲ ಒಂದೇ ನೀಲಿ ಪೆನ್ನಿನದ್ದು, ಒಂದೇ ಕೈ. ಆಮೇಲೆ ಚೌಕಗಳು ಖಾಲಿ. ಮೂರು ಗಂಟೆಯ ನಂತರ ಒಂದು ಚುಕ್ಕಿ, ಸೀದಾ ಕೆಳಗೆ, 84. ಪಕ್ಕದಲ್ಲಿ ಅವಸರದ ಅಕ್ಷರ: ನೀರು ಹಸಿರಾಗಿದೆ, ಡಾಕ್ಟರಿಗೆ ಫೋನ್ ಮಾಡಲಾಗಿದೆ. ಅಂದರೆ ಮಗು ಒಳಗೇ ಮಲ ಮಾಡಿತ್ತು, ಉಸಿರಿಗೆ ಕಷ್ಟವಾಗಿತ್ತು.

ಡಾಕ್ಟರು ಕ್ವಾರ್ಟರ್ಸಿನಿಂದ ಓಡಿ ಬಂದರು. ತಲೆಗೆ ವ್ಯಾಕ್ಯೂಮ್ ಬಟ್ಟಲು ಹಾಕಿ ಮಗುವನ್ನು ಎಳೆದು ತೆಗೆದರು. ತೂಕ 2.8 ಕೆಜಿ. ಅಳಲಿಲ್ಲ. ಬ್ಯಾಗ್ ಒತ್ತಿ ಉಸಿರು ಕೊಟ್ಟರು. ಒಂದು ನಿಮಿಷಕ್ಕೆ ಆಪ್‌ಗಾರ್ ಅಂಕ 2, ಐದು ನಿಮಿಷಕ್ಕೆ 4. ಹುಟ್ಟಿದ ಕೂಡಲೇ ಮಗುವಿನ ಸ್ಥಿತಿ ಅಳೆಯುವ ಅಂಕ ಇದು, ಹತ್ತರಲ್ಲಿ ಏಳಕ್ಕಿಂತ ಕಮ್ಮಿ ಇದ್ದರೆ ಚಿಂತೆಯ ಮಾತು. ಬೆಳಗಾಗುವ ಮೊದಲೇ 108ರಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. ದಾರಿಯಲ್ಲೇ ಮೊದಲ ಫಿಟ್ಸ್ ಬಂತು. ಅಲ್ಲಿ 18 ದಿನ ಇಟ್ಟುಕೊಂಡರು. ಬಿಡುಗಡೆ ಮಾಡುವಾಗ ಬರೆದದ್ದು ಇಷ್ಟು: ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಮೆದುಳಿಗೆ ಹಾನಿ, ಎರಡನೇ ಹಂತ.

ಖಾಲಿ ಚೌಕಗಳಲ್ಲಿ ಏನಾಯಿತು? ಅದು ಕಾಗದದಲ್ಲಿ ಎಲ್ಲೂ ಇಲ್ಲ. ನನಗೆ ತಿಳಿದದ್ದು ಆ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸ್ ಬಾಯಿಂದ. ಅದೂ ಬಹಳ ತಿಂಗಳ ಮೇಲೆ, ಎಲ್ಲೂ ಬರೆದುಕೊಳ್ಳಬೇಡಿ ಅಂತ ಕೈಮುಗಿದು ಹೇಳಿದ ಮಾತು. ಆಮೇಲೆ ಹೆಸರಿಲ್ಲದೆ ಬರೆಯುವುದಕ್ಕೆ ಅವರೇ ಒಪ್ಪಿದರು.

"ಅಕ್ಕೋರೆ, ಆ ರಾತ್ರಿ ನಾನೊಬ್ಬಳೇ. ಆಚೆ ಟೇಬಲ್ಲಿನಲ್ಲಿ ಒಬ್ಬರಿಗೆ ಹೆರಿಗೆಯಾಗಿ ರಕ್ತ ನಿಲ್ತಾ ಇರಲಿಲ್ಲ. ಹೊಟ್ಟೆ ಒತ್ತಿ ಹಿಡ್ಕೊಂಡೇ ನಿಂತಿದ್ದೆ. ಕೈ ಬಿಟ್ಟರೆ ಆ ಹೆಂಗಸು ಹೋಗ್ತಿದ್ದಳು. ಈ ಕೂಸಿನ ಎದೆಬಡಿತ ನೋಡೂಕೆ ಮೂರನೇ ಕೈ ಎಲ್ಲಿಂದ ತರಲಿ?"

ಆ ಇನ್ನೊಂದು ತಾಯಿ ಬದುಕಿದ್ದಾಳೆ. ಮಗುವೂ ಚೆನ್ನಾಗಿದೆ. ಅವರನ್ನು ಉಳಿಸಿದ್ದು ಇದೇ ನರ್ಸ್. ಈಗ ಹೇಳಿ, ತಪ್ಪು ಯಾರದ್ದು? ಕ್ವಾರ್ಟರ್ಸಿನಲ್ಲಿ ಮಲಗಿದ್ದ ಡಾಕ್ಟರದ್ದಾ? ಕರೆದ ಕೂಡಲೇ ಅವರು ಬಂದಿದ್ದಾರೆ. ಹಗಲೆಲ್ಲ ಓಪಿಡಿ ನೋಡಿ ರಾತ್ರಿ ಕರೆಗೆ ಓಗೊಡುವ ಒಬ್ಬರೇ ಹೆರಿಗೆ ಡಾಕ್ಟರು ಅವರು. ರಾತ್ರಿ ಪಾಳಿಗೆ ಒಬ್ಬರೇ ನರ್ಸ್ ಸಾಕು ಅಂತ ಪಟ್ಟಿ ಮಾಡಿದವರದ್ದಾ? ಖಾಲಿ ಹುದ್ದೆ ತುಂಬದವರದ್ದಾ? ಅವರ ಹೆಸರು ಕೇಸ್ ಶೀಟಿನಲ್ಲಿ ಇರುವುದಿಲ್ಲ. ಅಲ್ಲಿ ಇರುವುದು ನರ್ಸ್ ಸಹಿ ಮಾತ್ರ.

ಕಾನೂನಿನ ಬಾಗಿಲುಗಳು

ಮನೆಯವರು ನನ್ನ ಹತ್ತಿರ ಬರುವ ಹೊತ್ತಿಗೆ ಕೂಸಿಗೆ ಎರಡು ವರ್ಷ ದಾಟಿತ್ತು. ಗ್ರಾಹಕರ ಆಯೋಗಕ್ಕೆ ದೂರು ಕೊಡುವ ಅವಧಿ ಎರಡು ವರ್ಷ. ತಡವಾಗಿದ್ದಕ್ಕೆ ಸರಿಯಾದ ಕಾರಣ ಹೇಳಿದರೆ ಆಯೋಗ ಒಪ್ಪಬಹುದು, ಆದರೆ ಅದೇ ಒಂದು ಬೇರೆ ವಾದ. ಇವರು ಸುಮ್ನೆ ತಡ ಮಾಡಿದ್ದಲ್ಲ. ಸೆರೆಬ್ರಲ್ ಪಾಲ್ಸಿ ಹುಟ್ಟಿದ ದಿನವೇ ಗೊತ್ತಾಗುವ ಕಾಯಿಲೆ ಅಲ್ಲ. ಕುತ್ತಿಗೆ ನಿಲ್ಲಲಿಲ್ಲ, ಕೂರಲಿಲ್ಲ, ಕೆಲವು ಮಕ್ಕಳು ನಿಧಾನ ಅಂತ ಅಜ್ಜಿ ಸಮಾಧಾನ ಹೇಳಿದಳು. ಖಚಿತವಾಗಿ ಹೇಳುವುದಕ್ಕೆ ಡಾಕ್ಟರುಗಳೇ ಎಷ್ಟೋ ಸಲ ಒಂದೂವರೆ, ಎರಡು ವರ್ಷ ಕಾಯುತ್ತಾರೆ. ರೋಗದ ಹೆಸರು ಕೈಗೆ ಬರುವಾಗ ದೂರಿನ ಅವಧಿ ಮುಗಿಯುತ್ತಾ ಬಂದಿರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ ಒಂದು ಗೆರೆಯನ್ನೂ ಎಳೆಯಿತು. ಯಾರಿಂದಲೂ ದುಡ್ಡು ತೆಗೆದುಕೊಳ್ಳದೆ ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಆಸ್ಪತ್ರೆ ಈ ಕಾನೂನಿನ ಹೊರಗೆ. ನೋಂದಣಿ ಚೀಟಿಗೆ ಕೊಡುವ ಪುಡಿಗಾಸು ಲೆಕ್ಕಕ್ಕಿಲ್ಲ. ಕೆಲವರಿಂದ ಶುಲ್ಕ, ಕೆಲವರಿಗೆ ಪುಕ್ಕಟೆ ಅನ್ನುವ ಆಸ್ಪತ್ರೆಯಾದರೆ ಪುಕ್ಕಟೆ ಬಂದವರೂ ಗ್ರಾಹಕರೇ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ಪೂರ್ತಿ ಉಚಿತ. ಸಿಸೇರಿಯನ್, ಔಷಧಿ, ಊಟ, ವಾಹನ ಎಲ್ಲ. ಬಡವರ ಪಾಲಿಗೆ ಅದು ನಿಜವಾಗಿ ಒಳ್ಳೆಯ ಕೆಲಸ. ಆದರೆ ನಮ್ಮ ವಕೀಲರು ಮೊದಲು ಹುಡುಕಬೇಕಾಗಿ ಬಂದದ್ದು ಏನು ಗೊತ್ತಾ? ಆ ಆಸ್ಪತ್ರೆಯಲ್ಲಿ ಬೇರೆ ಯಾರಾದರೂ ಸ್ಪೆಶಲ್ ವಾರ್ಡಿಗೆ ದುಡ್ಡು ಕಟ್ಟಿದ್ದಾರಾ ಅಂತ! ಒಂದು ಕೂಸಿನ ಮೆದುಳಿಗೆ ಆದ ಹಾನಿಯ ನ್ಯಾಯ ಪಕ್ಕದ ವಾರ್ಡಿನ ರಸೀದಿಯ ಮೇಲೆ ನಿಲ್ಲಬೇಕು ಅಂದರೆ ಅದು ಸರಿಯಾ?

ಸಿವಿಲ್ ಕೋರ್ಟಿನ ದಾರಿ ಇದೆ. ಮಗು ಅಪ್ರಾಪ್ತ ವಯಸ್ಸಿನದ್ದು, ಹಾಗಾಗಿ 18 ತುಂಬಿದ ಮೇಲೂ ಮೂರು ವರ್ಷದವರೆಗೆ ದಾವೆ ಹೂಡಬಹುದು. ಆದರೆ ವೈದ್ಯರ ನಡತೆಯ ನಿಯಮದ ಪ್ರಕಾರ ಒಳರೋಗಿಯ ದಾಖಲೆ ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ ಮಾತ್ರ. ಮಗು ದೊಡ್ಡದಾಗಿ ಕೋರ್ಟಿಗೆ ಹೋಗುವಾಗ ಆ ಪಾರ್ಟೋಗ್ರಾಫ್ ಎಲ್ಲಿರುತ್ತದೆ?

ಕೋರ್ಟು ಯಾವುದೇ ಆಗಲಿ, ಕೊನೆಗೆ ಬರುವ ಪ್ರಶ್ನೆ ಒಂದೇ. ಸಾಮಾನ್ಯ ಕೌಶಲದ ವೈದ್ಯರು ಆ ಹೊತ್ತಿನಲ್ಲಿ ಮಾಡುತ್ತಿದ್ದದ್ದನ್ನು ಇವರು ಮಾಡಲಿಲ್ಲವಾ? ಅದನ್ನು ಹೇಳುವುದಕ್ಕೆ ಇನ್ನೊಬ್ಬ ತಜ್ಞ ವೈದ್ಯರು ಬೇಕು. ಇದು ಸಣ್ಣ ಜಿಲ್ಲೆ. ಎಲ್ಲರೂ ಎಲ್ಲರಿಗೂ ಗುರುತು. ನಾವು ಕೇಳಿದ ಡಾಕ್ಟರುಗಳು ಮನೆಯಲ್ಲಿ ಕೂರಿಸಿ ಚಾ ಕೊಟ್ಟು ಮಾತಾಡಿದರು, ಮರುಕಪಟ್ಟರು, ಬರೆದುಕೊಡಲಿಲ್ಲ.

ಬರೆದುಕೊಟ್ಟರೂ ಕಾರಣವನ್ನು ಗಟ್ಟಿಯಾಗಿ ಕೂರಿಸುವುದು ಕಷ್ಟ. ಮುಂದುವರಿದ ದೇಶಗಳ ಅಧ್ಯಯನಗಳ ಪ್ರಕಾರ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆಯೇ ಕಾರಣ ಎಂದು ಹೇಳಬಹುದಾದವರು ಹತ್ತರಲ್ಲಿ ಒಬ್ಬರ ಆಸುಪಾಸು. ಉಳಿದವರಲ್ಲಿ ಗರ್ಭದ ಸೋಂಕು, ಅವಧಿಗೆ ಮುನ್ನ ಹುಟ್ಟಿದ್ದು, ವಂಶವಾಹಿ, ಹೀಗೆ ಬೇರೆ ಬೇರೆ. ಈ ಕೂಸಿನ ವಿಷಯದಲ್ಲಿ ಲಕ್ಷಣಗಳು ಹೆರಿಗೆಯ ಕಡೆಗೇ ಬೊಟ್ಟು ಮಾಡುತ್ತವೆ. ಆದರೂ ಎದುರು ವಕೀಲರು ಇದನ್ನೇ ಹಿಡಿದು ವರ್ಷಗಟ್ಟಲೆ ವಾದ ಮಾಡಬಹುದು. ಅಪ್ಪನಿಗೆ ಯಾರೋ ಹೇಳಿದ್ದರು, ಮಗುವಿನ ಮೈ ತಣ್ಣಗಿಡುವ ಚಿಕಿತ್ಸೆ ಆರು ಗಂಟೆಯೊಳಗೆ ಕೊಟ್ಟಿದ್ದರೆ ಸರಿಹೋಗುತ್ತಿತ್ತು ಅಂತ. ಅವನು ಅದನ್ನು ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದ. ಶ್ರೀಮಂತ ದೇಶಗಳಲ್ಲಿ ಆ ಚಿಕಿತ್ಸೆ ಫಲ ಕೊಟ್ಟಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ ನಡೆದ ಹೆಲಿಕ್ಸ್ ಪ್ರಯೋಗದ ಫಲಿತಾಂಶ 2021ರಲ್ಲಿ ಬಂದಾಗ ಲಾಭ ಕಾಣಲಿಲ್ಲ, ಸಾವು ಜಾಸ್ತಿಯಾಗಿತ್ತು. ಇದನ್ನು ಅವನಿಗೆ ನಿಧಾನಕ್ಕೆ ತಿಳಿಸಿ ಹೇಳಿದೆ. ಆಂಬುಲೆನ್ಸ್ ತಡವಾಯಿತು ಅಂತ ತನ್ನನ್ನೇ ಬೈದುಕೊಳ್ಳುವುದನ್ನು ಅವನು ಬಿಡಬೇಕಿತ್ತು.

ಗೆದ್ದವರೂ ಇದ್ದಾರೆ ಅನ್ನುವುದನ್ನು ಹೇಳಲೇಬೇಕು. ಚೆನ್ನೈಯ ಸರ್ಕಾರಿ ಆಸ್ಪತ್ರೆಯಲ್ಲಿ 1996ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಹೆಣ್ಣುಮಗುವಿನ ಕಣ್ಣಿನ ರೆಟಿನಾ ಪರೀಕ್ಷೆ ಆಗಲಿಲ್ಲ. ಮಗು ಕುರುಡಾಯಿತು. ವಿ. ಕೃಷ್ಣಕುಮಾರ್ ಪ್ರಕರಣ ಅಂತ ವಕೀಲರಿಗೆಲ್ಲ ಗೊತ್ತು. ಸುಪ್ರೀಂ ಕೋರ್ಟು ಒಟ್ಟು 1.8 ಕೋಟಿ ರೂಪಾಯಿ ಪರಿಹಾರ ಕೊಟ್ಟಿತು. ತೀರ್ಪು ಬಂದದ್ದು 2015ರ ಜುಲೈನಲ್ಲಿ. ಆ ಹುಡುಗಿ ಆಗ ಹದಿನೆಂಟರ ಹರೆಯದವಳು. ಬಾಲ್ಯ ಪೂರ್ತಿ ಕಳೆದುಹೋಗಿತ್ತು. ಹೋರಾಡುವುದಕ್ಕೆ ಅವಳಿಗೆ ಅಷ್ಟು ಗಟ್ಟಿ ಅಪ್ಪ ಇದ್ದರು. ಎಲ್ಲರಿಗೂ ಹಾಗೆ ಆಗುತ್ತದಾ?

ಜಪಾನಿನಲ್ಲಿ ಹುಟ್ಟಿದ್ದರೆ

ಜಪಾನಿನಲ್ಲೂ ಮೊದಲು ನಮ್ಮ ಹಾಗೇ ಇತ್ತು. 2004ರಲ್ಲಿ ಫುಕುಶಿಮಾ ಪ್ರಾಂತ್ಯದ ಒಂದು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಿ ತೀರಿಕೊಂಡರು. 2006ರಲ್ಲಿ ಡಾಕ್ಟರನ್ನು ಪೊಲೀಸರು ಹಿಡಿದುಕೊಂಡು ಹೋದರು. 2008ರಲ್ಲಿ ಅವರು ನಿರ್ದೋಷಿ ಅಂತ ತೀರ್ಪಾಯಿತು. ಅಷ್ಟರಲ್ಲಿ ಹೆರಿಗೆ ಮಾಡಿಸುವುದಕ್ಕೇ ವೈದ್ಯರು ಹೆದರುವ ಪರಿಸ್ಥಿತಿ ಬಂದಿತ್ತು. 2009ರ ಜನವರಿಯಲ್ಲಿ ಅಲ್ಲಿ ಹೆರಿಗೆಗೆ ಸಂಬಂಧಿಸಿದ ಸೆರೆಬ್ರಲ್ ಪಾಲ್ಸಿಗೆ ನೋ-ಫಾಲ್ಟ್ ಪರಿಹಾರ ಶುರುವಾಯಿತು. ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ಹೆರಿಗೆಗೆ ಸಂಬಂಧಿಸಿದ ತೀವ್ರ ಸೆರೆಬ್ರಲ್ ಪಾಲ್ಸಿ ಹೌದಾ, ಅಲ್ಲವಾ, ಅಷ್ಟೇ ನೋಡುತ್ತಾರೆ.

ನಮ್ಮ ಕೂಸಿನ ಕಾಗದಗಳನ್ನು ಅವರ ನಿಯಮದ ಎದುರು ಇಟ್ಟು ನೋಡಿದೆ. 39 ವಾರ, 2.8 ಕೆಜಿ, ಹುಟ್ಟುದೋಷ ಇಲ್ಲ, ಅಂಗವಿಕಲತೆ ತೀವ್ರ, ಆರು ತಿಂಗಳು ದಾಟಿ ಬದುಕಿದ್ದಾಳೆ. ಪ್ರತಿಯೊಂದಕ್ಕೂ ಹೊಂದುತ್ತದೆ. ಐದನೇ ಹುಟ್ಟುಹಬ್ಬದವರೆಗೆ ಅರ್ಜಿ ಹಾಕಬಹುದು, ಅಂದರೆ ರೋಗ ಖಚಿತವಾಗುವವರೆಗೆ ಕಾಯಲು ಸಮಯ ಇದೆ. ಒಪ್ಪಿಗೆಯಾದ ಕೂಡಲೇ 60 ಲಕ್ಷ ಯೆನ್. ಆಮೇಲೆ ವರ್ಷಕ್ಕೆ 12 ಲಕ್ಷ ಯೆನ್, ಇಪ್ಪತ್ತು ಕಂತು. ಒಟ್ಟು 3 ಕೋಟಿ ಯೆನ್. ನಮ್ಮ ದುಡ್ಡಲ್ಲಿ ಒಂದೂವರೆ ಕೋಟಿಗೂ ಜಾಸ್ತಿ.

ನನಗೆ ಹಣಕ್ಕಿಂತ ಹಿಡಿಸಿದ್ದು ಅದರ ಇನ್ನೊಂದು ಅರ್ಧ. ಪರಿಹಾರ ಕೊಟ್ಟ ಪ್ರತಿ ಪ್ರಕರಣದಲ್ಲೂ ಅಲ್ಲಿ ಕಾರಣದ ವಿಶ್ಲೇಷಣೆ ನಡೆಯುತ್ತದೆ. ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಸೂಲಗಿತ್ತಿಯರು, ವಕೀಲರು ಕೂತು ಏನಾಯಿತು ಅಂತ ವರದಿ ಬರೆಯುತ್ತಾರೆ. ಆ ವರದಿ ಅಪ್ಪ ಅಮ್ಮನ ಕೈಗೂ ಬರುತ್ತದೆ, ಆಸ್ಪತ್ರೆಗೂ ಹೋಗುತ್ತದೆ. ಹೆಸರು ತೆಗೆದ ಸಾರಾಂಶ ಹೊರಗೆ ಬರುತ್ತದೆ. ಇಂಥ ವರದಿಗಳನ್ನೆಲ್ಲ ಒಟ್ಟಿಗೆ ನೋಡಿ, ಮುಂದೆ ಹೀಗಾಗದ ಹಾಗೆ ಏನು ಮಾಡಬೇಕು ಅಂತ ಆಸ್ಪತ್ರೆಗಳಿಗೆ ತಿಳಿಸುತ್ತಾರೆ.

ನಮ್ಮ ನರ್ಸ್ ಅಂಥ ಸಮಿತಿಯ ಮುಂದೆ ಇದ್ದಿದ್ದರೆ? ಮೂರನೇ ಕೈ ಎಲ್ಲಿಂದ ತರಲಿ ಅನ್ನುವ ಮಾತು ವರದಿಯಲ್ಲಿ ಮೊದಲ ಸಾಲಾಗಿ ಬರುತ್ತಿತ್ತು. ರಾತ್ರಿ ಪಾಳಿಗೆ ಇಬ್ಬರು ಬೇಕು ಅನ್ನುವ ಶಿಫಾರಸು ಮೇಲಕ್ಕೆ ಹೋಗುತ್ತಿತ್ತು. ಇಲ್ಲಿ ಅದೇ ಮಾತು ಬಾಯಿಬಿಟ್ಟರೆ ನಿರ್ಲಕ್ಷ್ಯದ ತಪ್ಪೊಪ್ಪಿಗೆ ಆಗುತ್ತದೆ. ಅದಕ್ಕೇ ಅವರು ಸುಮ್ಮನಿದ್ದರು. ಮೇಲಿನವರು ಸುಮ್ಮನಿರಲು ಹೇಳಿದ್ದರು. ಮಗುವಿನ ಆಯಿಗೆ ಆ ರಾತ್ರಿ ಏನಾಯಿತು ಅಂತ ಯಾರೂ ಹೇಳಲಿಲ್ಲ. "ದುಡ್ಡು ಆಮೇಲೆ ಅಕ್ಕೋರೆ, ಎಂತ ಆಯ್ತು ಅಂತ ಒಬ್ಬರಾದ್ರೂ ಹೇಳೂಕಿತ್ತು" ಅಂತ ಅವಳು ನನ್ನ ಹತ್ತಿರ ಅಂದದ್ದು ಒಂದು ಸಲವಲ್ಲ.

ಡಾಕ್ಟರುಗಳ ಮೇಲೆ ಕೇಸು ಹಾಕುವುದೇ ಪರಿಹಾರ ಅನ್ನುವವರು 2022ರ ಮಾರ್ಚಿನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಬೇಕು. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿಯೊಬ್ಬರು ತೀರಿಕೊಂಡರು. ವೈದ್ಯೆಯ ಮೇಲೆ ಕೊಲೆ ಕೇಸು ದಾಖಲಾಯಿತು. ಆ ವೈದ್ಯೆ ತಾವೇ ಪ್ರಾಣ ಕಳೆದುಕೊಂಡರು. ಇದರಿಂದ ಯಾರಿಗೆ ಏನು ಸಿಕ್ಕಿತು?

ಜಪಾನಿನ ವ್ಯವಸ್ಥೆಯೂ ಕುಂದಿಲ್ಲದ್ದಲ್ಲ. ಮೊದಲು 33 ವಾರ, 2000 ಗ್ರಾಂ ಎಂದು ಗೆರೆ ಎಳೆದಿದ್ದರು. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಬೇರೆ ಪರಿಶೀಲನೆ ಇತ್ತು, ಅದರಲ್ಲಿ ಬಹಳ ಮಕ್ಕಳು ಹೊರಗೆ ಉಳಿದರು. 2015ರಲ್ಲಿ ಗೆರೆ ಸಡಿಲಾಯಿತು, 2022ರಿಂದ 28 ವಾರ ತುಂಬಿದ ಎಲ್ಲರಿಗೂ ಅನ್ವಯಿಸುವ ಹಾಗಾಯಿತು. ಹಿಂದೆ ಹೊರಗುಳಿದವರು ಹೋರಾಡಿ 2025ರಲ್ಲಿ 1.2 ಕೋಟಿ ಯೆನ್ ವಿಶೇಷ ನೆರವು ಪಡೆದರು. ಗೆರೆ ಎಳೆದ ಕಡೆ ಅನ್ಯಾಯ ಆಗಿಯೇ ಆಗುತ್ತದೆ. ಶಿರಸಿ ಕಡೆಯ ಇನ್ನೊಂದು ಮಗು ನನಗೆ ಗೊತ್ತು. ಹುಟ್ಟಿದ ಮೇಲೆ ಕಾಮಾಲೆ ಏರಿ ಮೆದುಳಿಗೆ ಪೆಟ್ಟಾಯಿತು. ಕೈಕಾಲಿನ ಕಷ್ಟ ಇವಳದ್ದೇ, ಮನೆಯ ಬಡತನವೂ ಇಂಥದ್ದೇ. ಹೆರಿಗೆಯ ಹೊತ್ತಿನಲ್ಲಿ ಆದದ್ದಲ್ಲ ಅಂತ ಆ ಮಗು ಹೊರಗೆ ಉಳಿಯಬಹುದು. ಅದಕ್ಕೆ ಉತ್ತರ ಆ ಮಗುವಿಗೂ ಕೊಡುವುದು. ಅದು ಸಿಗಲಿಲ್ಲ ಅಂತ ಇವಳಿಗೂ ಕೊಡದಿರುವುದು ಉತ್ತರ ಅಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ ಇಂಥ ಯೋಜನೆ 1988ರಿಂದ ಇದೆ. ವರ್ಜೀನಿಯಾದಲ್ಲಿ ಅದಕ್ಕೂ ಒಂದು ವರ್ಷ ಮೊದಲು ಕಾನೂನಾಯಿತು. ಫ್ಲೋರಿಡಾದಲ್ಲಿ ಹೆರಿಗೆ ವೈದ್ಯರು ವರ್ಷಕ್ಕೆ 5000 ಡಾಲರ್, ಆಸ್ಪತ್ರೆಗಳು ಹೆರಿಗೆಗೆ 50 ಡಾಲರ್ ಕಟ್ಟಿ ನಿಧಿ ನಡೆಯುತ್ತದೆ. ಆದರೆ ಅಲ್ಲಿ ಈ ಯೋಜನೆಗೆ ಒಳಪಟ್ಟರೆ ಕೋರ್ಟಿಗೆ ಹೋಗುವಂತಿಲ್ಲ. ನಿಧಿಯಲ್ಲಿ ದುಡ್ಡು ತುಂಬಿಟ್ಟುಕೊಂಡು ಮಕ್ಕಳ ಗಾಲಿಕುರ್ಚಿಗೂ, ಔಷಧಿಗೂ ಕೊಸರಾಡುತ್ತಿದ್ದರು ಎಂದು ಪತ್ರಿಕೆಗಳ ತನಿಖೆ ಹೊರಗೆಳೆಯಿತು. 2021ರಲ್ಲಿ ಕಾನೂನು ತಿದ್ದಿ, ಪೋಷಕರಿಗೆ ಕೊಡುವ ಮೊತ್ತವನ್ನು ಒಂದು ಲಕ್ಷದಿಂದ ಎರಡೂವರೆ ಲಕ್ಷ ಡಾಲರಿಗೆ ಏರಿಸಿದರು. ನಮ್ಮಲ್ಲಿ ಯೋಜನೆ ಬಂದರೂ ಕೋರ್ಟಿನ ಬಾಗಿಲು ಮುಚ್ಚಬಾರದು. ಜಪಾನಿನಲ್ಲಿ ಮುಚ್ಚಿಲ್ಲ. ಕೇಸು ಗೆದ್ದರೆ ಈ ಹಣವನ್ನು ಅದರಲ್ಲಿ ಹೊಂದಿಸಿಕೊಳ್ಳುತ್ತಾರೆ, ಅಷ್ಟೇ. ಕುಡಿದು ಬಂದು ಹೆರಿಗೆ ಮಾಡಿಸಿದವರನ್ನು ಯಾರೂ ಕ್ಷಮಿಸಬೇಕಾಗಿಲ್ಲ.

ನಮ್ಮಲ್ಲೇ ಇದೆ

ಇದೆಲ್ಲ ಶ್ರೀಮಂತ ದೇಶದ ಮಾತು ಅಂತ ಹೇಳಿದವರು ಇದ್ದಾರೆ. ತಪ್ಪು ಕೇಳದೆ ಪರಿಹಾರ ಕೊಡುವುದು ನಮಗೆ ಹೊಸದೇ ಅಲ್ಲ. ಎನ್‌ಎಚ್ 66ರಲ್ಲಿ ವಾಹನ ಬಡಿದು ಗಂಭೀರ ಗಾಯವಾದರೆ, ಚಾಲಕನ ತಪ್ಪು ಸಾಬೀತು ಮಾಡದೆಯೇ 2.5 ಲಕ್ಷ, ಸತ್ತರೆ 5 ಲಕ್ಷ ಕೇಳುವ ಅವಕಾಶ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಇದೆ. ಕೊಂಕಣ ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಸತ್ತ ಪ್ರಯಾಣಿಕನ ಮನೆಯವರಿಗೆ ರೈಲ್ವೆ ಕಾಯ್ದೆಯಲ್ಲಿ 8 ಲಕ್ಷ.

ಇನ್ನೂ ಹತ್ತಿರದ ಉದಾಹರಣೆ ಆಶಾ ಕಾರ್ಯಕರ್ತೆಯರಿಗೆಲ್ಲ ಗೊತ್ತು. ಮಕ್ಕಳಾಗದ ಹಾಗೆ ಆಪರೇಶನ್ ಮಾಡಿಸಿಕೊಂಡ ಹೆಂಗಸು ಮತ್ತೆ ಬಸುರಾದರೆ ಸರ್ಕಾರ ಪರಿಹಾರದ ಹಣ ಕೊಡುತ್ತದೆ. ಆಪರೇಶನ್ ಮಾಡಿದ ಡಾಕ್ಟರು ಎಡವಿದರಾ, ಇಲ್ಲವಾ ಅಂತ ಕೇಳುವುದಿಲ್ಲ. ಎಷ್ಟು ಚೆನ್ನಾಗಿ ಮಾಡಿದರೂ ಕೆಲವು ವಿಫಲವಾಗುತ್ತವೆ, ಅದರ ಭಾರ ಆ ಹೆಂಗಸಿನ ಮೇಲೆ ಬೀಳಬಾರದು ಅನ್ನುವ ಲೆಕ್ಕ. 2005ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ಇದು ವಿಮೆಯ ರೂಪದಲ್ಲಿ ಬಂತು. ಅದೇ ಆಸ್ಪತ್ರೆ, ಅದೇ ಓಟಿ. ಆಪರೇಶನ್ ವಿಫಲವಾದರೆ ತಪ್ಪು ಕೇಳದೆ ಕೊಡಬಹುದು, ಹೆರಿಗೆಯಲ್ಲಿ ಮಗುವಿನ ಮೆದುಳಿಗೆ ಹಾನಿಯಾದರೆ ಆಗುವುದಿಲ್ಲ ಅನ್ನುವುದಕ್ಕೆ ನನಗಂತೂ ಒಂದು ಕಾರಣವೂ ಕಾಣುವುದಿಲ್ಲ.

ಈಗ ಮನೆಯಲ್ಲಿ

ಒಂದು ಊಟ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಆಯಿ ಗೋಡೆಗೆ ಒರಗಿ ಕೂರುತ್ತಾಳೆ. ಮಂಡಿ ಮಡಚಿ, ಕೂಸಿನ ಬೆನ್ನನ್ನು ತೊಡೆಗೆ ಆನಿಸಿ, ಎಡಗೈಯಲ್ಲಿ ಗಲ್ಲ ಹಿಡಿಯುತ್ತಾಳೆ. ಗಂಜಿಯನ್ನು ಸೋಸಿ, ಮೀನಿನ ಮುಳ್ಳು ತೆಗೆದು ಕಿವುಚಿ, ಚಮಚದ ತುದಿಯಷ್ಟು ಬಾಯಿಗೆ. ನುಂಗುವವರೆಗೆ ಗಂಟಲ ಮೇಲೆ ಬೆರಳು. ಬೇಗ ಮಾಡಿದರೆ ಗಂಟಲಿಗೆ ಸಿಕ್ಕಿ ಕೆಮ್ಮು, ಕೆಮ್ಮು ಎದೆಗೆ ಇಳಿದರೆ ಆಸ್ಪತ್ರೆ. ಒಂದು ಬಟ್ಟಲು ಮುಗಿಯುವುದಕ್ಕೆ ತಾಸು ಬೇಕು. ದಿನಕ್ಕೆ ಮೂರು ಸಲ. ಕಾರ್ಖಾನೆ ಕೆಲಸ ಏಕೆ ಬಿಟ್ಟೆ ಅಂತ ಯಾರಾದರೂ ಕೇಳಿದರೆ ಇದನ್ನು ತೋರಿಸಬೇಕು.

ಸಿಗುವ ಸೌಲಭ್ಯಗಳನ್ನು ಒಂದೊಂದಾಗಿ ಕೂಡಿಸಿಕೊಂಡೆವು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಒಳ್ಳೆಯ ಹುಡುಗ, ಅವನೇ ಓಡಾಡಿ ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿದ. ಶೇಕಡಾ 75ಕ್ಕಿಂತ ಜಾಸ್ತಿ ಅಂಗವಿಕಲತೆ ಇರುವುದರಿಂದ ತಿಂಗಳಿಗೆ 1400 ರೂಪಾಯಿ ಪಿಂಚಣಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಫಿಸಿಯೋಥೆರಪಿಗೆ ಕಾರವಾರಕ್ಕೆ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ಆಯಿಗೆ ಬಸ್ಸಿನ ಖರ್ಚಿಲ್ಲ, ಆದರೆ ಬಿಗಿಯಾದ ಮೈಯ ಐದು ವರ್ಷದ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ನಿಲ್ಲುವುದು ಸುಲಭ ಅಲ್ಲ. ಮಳೆಗಾಲದಲ್ಲಿ ಥೆರಪಿ ತಪ್ಪುತ್ತದೆ. ತಪ್ಪಿದ ಪ್ರತಿ ತಿಂಗಳೂ ಸೊಂಟದ ಕೀಲು ಇನ್ನಷ್ಟು ಬಿಗಿಯುತ್ತದೆ. ಜೂನ್, ಜುಲೈನಲ್ಲಿ ಅಪ್ಪನಿಗೆ ಬೋಟಿನ ದುಡಿಮೆಯ ಪಾಲೂ ಇಲ್ಲ. ಫಿಟ್ಸಿನ ಔಷಧಿ ಮಾತ್ರ ತಪ್ಪಿಸುವಂತಿಲ್ಲ.

ಕೂರಿಸುವ ವಿಶೇಷ ಕುರ್ಚಿ ಬೇಕು, ಕಾಲಿಗೆ ಪಟ್ಟಿ ಬೇಕು, ಬೆಳೆದ ಹಾಗೆ ಅವನ್ನು ಬದಲಿಸುತ್ತಿರಬೇಕು. 18 ತುಂಬಿದ ಮೇಲೆ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಆದೇಶ ಪಡೆಯಬೇಕು. ಇದೆಲ್ಲಕ್ಕೂ ಲೆಕ್ಕ ಹಾಕಿ ಇಟ್ಟಿದ್ದೇವೆ. ಆ ಲೆಕ್ಕದ ಎದುರು 1400 ರೂಪಾಯಿ ಎಷ್ಟು ಸಣ್ಣದು ಅಂತ ನಾನು ಹೇಳಬೇಕಾ?

ಇಂಥ ಮಗು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಒಂದು ಕೆಲಸ ತಡಮಾಡದೆ ಮಾಡಿ. ಆಸ್ಪತ್ರೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಕೇಸ್ ಶೀಟ್, ಪಾರ್ಟೋಗ್ರಾಫ್, ಮಗುವಿನ ದಾಖಲೆಗಳ ನಕಲು ಕೇಳಿ. 72 ಗಂಟೆಯೊಳಗೆ ಕೊಡಬೇಕು ಅನ್ನುವ ನಿಯಮ ಇದೆ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಮುಂದೆ ಯಾವ ದಾರಿ ಹಿಡಿದರೂ ಅದೇ ಬೇಕಾಗುವುದು. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೋರ್ಟಿನಲ್ಲೇ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಈ ಮನೆಯವರು ಕೊನೆಗೆ ಧಾರವಾಡ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ ಹಾಕುವುದಕ್ಕೆ ಒಪ್ಪಿದರು. ತುರ್ತು ಹೊತ್ತಿನಲ್ಲಿ ಚಿಕಿತ್ಸೆ ಸಿಗುವುದು ಬದುಕುವ ಹಕ್ಕಿನ ಭಾಗ, ಸಿಗದಿದ್ದರೆ ಸರ್ಕಾರ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಪಶ್ಚಿಮ ಬಂಗಾಳದ ಕೂಲಿಕಾರರ ಪ್ರಕರಣದಲ್ಲಿ ಹೇಳಿದೆ. ಕಾನೂನು ನೆರವಿನ ವಕೀಲರು ಅದನ್ನೇ ಆಧಾರ ಮಾಡಿಕೊಂಡಿದ್ದಾರೆ. ಒಪ್ಪುವ ಮೊದಲು ಅಪ್ಪ ಒಂದು ಷರತ್ತು ಹಾಕಿದ. "ಆ ಸಿಸ್ಟರ್ ಹೆಸರು ಹಾಕೂದು ಬ್ಯಾಡ ಅಕ್ಕೋರೆ. ಅವರು ಆ ಬದಿಯವಳನ್ನ ಉಳಿಸಿದ್ರು." ಎದುರುದಾರ ರಾಜ್ಯ ಸರ್ಕಾರ ಮಾತ್ರ. ಮಗುವಿನ ಚಿಕಿತ್ಸೆಗೂ ಆರೈಕೆಗೂ ಹಣ, ಆ ರಾತ್ರಿ ಏನಾಯಿತು ಅನ್ನುವುದಕ್ಕೆ ಬರವಣಿಗೆಯ ಉತ್ತರ, ಹೆರಿಗೆ ಕೋಣೆಯ ರಾತ್ರಿ ಪಾಳಿಗೆ ಇಬ್ಬರು ನರ್ಸ್, ಮತ್ತು ಇಂಥ ಮಕ್ಕಳಿಗೆ ತಪ್ಪು ಕೇಳದ ಪರಿಹಾರ ಯೋಜನೆಯನ್ನು ಪರಿಶೀಲಿಸಬೇಕು ಅನ್ನುವ ಬೇಡಿಕೆ ಅರ್ಜಿಯಲ್ಲಿವೆ. ಸರ್ಕಾರ ಇನ್ನೂ ಆಕ್ಷೇಪಣೆ ಸಲ್ಲಿಸಿಲ್ಲ.